ಹಳ್ಳಕ್ಕೆ ಇಳಿಯುವ ಮೊದಲು ಕೊಟ್ಟಿಗೆಗೆ ಹೋಗಬೇಕಿತ್ತು

ನಾನು ಅಮೆರಿಕದ ಒರೆಗಾನ್ ಕರಾವಳಿಯಲ್ಲಿ, ಟಿಲ್ಲಮೂಕ್ ಸೀಮೆಯಲ್ಲಿ ಕೆಲಸ ಮಾಡುತ್ತೇನೆ. ಸಾಲ್ಮನ್, ಟ್ರೌಟ್ ಮೀನು ಮತ್ತೆ ಬಂದು ಬಾಳುವ ಹಾಗೆ ಹಳ್ಳಗಳನ್ನು ಸರಿಮಾಡುವುದು ನಮ್ಮ ಕೆಲಸ. ತಗ್ಗಿನ ಬಯಲಿನ ಒಳ್ಳೊಳ್ಳೆಯ ಹಳ್ಳಗಳು ಹರಿಯುವುದು ಹೈನುಗಾರರ ಹುಲ್ಲುಗಾವಲಿನ ನಡುವೆ. ಜಮೀನಿನವರು ಹೂಂ ಅನ್ನದೆ ಅಲ್ಲಿ ಒಂದು ಗಿಡವನ್ನೂ ನೆಡುವ ಹಾಗಿಲ್ಲ.

ಇಲ್ಲಿನ ಕೊಹೊ ಸಾಲ್ಮನ್ ಹೆಚ್ಚಾಗಿ ಮೂರು ವರ್ಷ ಬಾಳುತ್ತದೆ. ನವೆಂಬರ್ ಹೊತ್ತಿಗೆ ಇಲ್ಲಿ ಮಳೆ ಸುರಿದು ನೀರು ಏರಿದಾಗ ಸಮುದ್ರದಿಂದ ಹಳ್ಳ ಹತ್ತಿ ಬರುತ್ತದೆ. ಹೆಣ್ಣುಮೀನು ಬಾಲದಿಂದ ಜಲ್ಲಿ ಕೆದಕಿ ಮೊಟ್ಟೆ ಇಡುತ್ತದೆ. ತೀರ್ಥಹಳ್ಳಿ ಕಡೆ ಮೊದಲ ಮಳೆಗೆ ಹೊಸನೀರು ಹತ್ತಿ ಬರುವ ಮೀನು, ನಮ್ಮ 'ಹತ್ತುಮೀನು', ಗದ್ದೆಗೆ ಏರುವುದನ್ನು ನೋಡುತ್ತಾ ಬೆಳೆದವಳು ನಾನು. ಈ ಮೀನು ಮೊದಲ ದಿನವೇ ನನ್ನದಾಯಿತು. ಒರೆಗಾನ್ ಕರಾವಳಿಯ ಕೊಹೊ 1998ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಅದರ ಮರಿಗಳು ಒಂದು ವರ್ಷಕ್ಕೂ ಜಾಸ್ತಿ ಹಳ್ಳದಲ್ಲೇ ಇರುತ್ತವೆ. ಬೆರಳುದ್ದದ ಮರಿ ಚಳಿಗಾಲದ ನೆರೆಯಲ್ಲಿ ಕೊಚ್ಚಿಹೋಗಬಾರದು ಅಂದರೆ ನೀರು ಎಲ್ಲಾದರೂ ನಿಧಾನವಾಗಬೇಕು, ಅಲ್ವಾ? ಅದಕ್ಕೆ ಹಳ್ಳದಲ್ಲಿ ಬಿದ್ದ ಮರ ಇರಬೇಕು. ದಿಮ್ಮಿಯ ಹಿಂದೆ ಜಲ್ಲಿ ನಿಲ್ಲುತ್ತದೆ, ಅಡಿಯಲ್ಲಿ ಗುಂಡಿ ಬೀಳುತ್ತದೆ, ಮರಿಗೆ ಮರೆ ಸಿಗುತ್ತದೆ.

ನನ್ನ ಮೊದಲ ದೊಡ್ಡ ಕೆಲಸಕ್ಕೆ, ದಿಮ್ಮಿ ಹಾಕಲು ಹನ್ನೊಂದು ಜಾಗ ಗುರುತು ಹಾಕಿದ ನಕ್ಷೆ ಹಿಡಿದು ಒಬ್ಬ ಹೈನುಗಾರರ ಜಮೀನಿಗೆ ಹೋದೆ. ಯಜಮಾನರು ಕೊಟ್ಟಿಗೆಯಿಂದ ಕೈ ಒರೆಸಿಕೊಂಡು ಬಂದರು. ಎಪ್ಪತ್ತು ದಾಟಿದವರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಹೇಳಿದರು: "ನಾನು ಹುಡುಗ ಇದ್ದಾಗ ಈ ಹಳ್ಳದ ತುಂಬ ಮರ ಇತ್ತು. ಮೀನಿಗೆ ಅಡ್ಡ ಆಗುತ್ತೆ, ತೆಗೀರಿ ಅಂತ ಹೇಳಿದ್ದು ನಿಮ್ಮಂಥವರೇ. ನಮ್ಮಪ್ಪ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಒಂದೊಂದೇ ಎಳೆದು ಹಾಕಿದರು. ಈಗ ವಾಪಸ್ ಹಾಕಿ ಅಂತೀರಿ."

ಅವರು ಹೇಳಿದ್ದು ನಿಜ. 1950ರಿಂದ 70ರ ದಶಕದವರೆಗೆ ಈ ಕರಾವಳಿಯಲ್ಲಿ ಹಳ್ಳಗಳಿಂದ ಮರ ತೆಗೆಸಿದ್ದು ಮೀನಿನ ಒಳಿತಿಗೆ ಅಂತಲೇ. ನಾನು ಥಟ್ಟನೆ "ಆಗಿನವರಿಗೆ ಗೊತ್ತಿರಲಿಲ್ಲ" ಅಂದುಬಿಟ್ಟೆ. ಆ ಆಗಿನವರಲ್ಲಿ ಅವರ ಅಪ್ಪನೂ ಸೇರಿದ್ದರು. ಯಜಮಾನರು ತಿರುಗಿ ಕೊಟ್ಟಿಗೆಯೊಳಗೆ ಹೋದರು.

ನಮ್ಮ ಹಳ್ಳಗಳಲ್ಲಿ ಯಂತ್ರ ಇಳಿಸಲು ಅನುಮತಿ ಇರುವುದು ಜುಲೈ 1ರಿಂದ ಸೆಪ್ಟೆಂಬರ್ 15ರವರೆಗೆ ಮಾತ್ರ. ಇಲ್ಲಿನ ಬೇಸಿಗೆ ಅದು. ಆ ವರ್ಷದ ಬೇಸಿಗೆ ಹಾಗೇ ಕಳೆಯಿತು.

ಜನವರಿಯಲ್ಲಿ ನಕ್ಷೆ ಇಲ್ಲದೆ ಮತ್ತೆ ಹೋದೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ, ಈ ಹಳ್ಳದಿಂದ ನಿಮಗೇನು ಕಷ್ಟ ಅಂತ ಕೇಳಿದೆ. ಅವರು ಮಾತಾಡದೆ ರಬ್ಬರ್ ಬೂಟು ಹಾಕಿಕೊಂಡು ಹೊರಟರು. ಹೋಗಿ ನಿಂತಿದ್ದು ಹೊಲದ ದಾರಿಯ ಮೋರಿಯ ಮೇಲೆ. ನಾನು ಪ್ರತಿ ಸಲ ಕಾರು ನಿಲ್ಲಿಸುತ್ತಿದ್ದ ಜಾಗ ಅದು.

ತುಕ್ಕು ಹಿಡಿದ ಕಬ್ಬಿಣದ ಕೊಳವೆ. ಬಾಯಿಗೆ ಕೊಂಬೆ, ಹುಲ್ಲು, ಎಲೆ ಕಟ್ಟಿಕೊಂಡು ನೀರು ದಾರಿಯ ಮೇಲೆ ಹರಿಯುತ್ತಿತ್ತು. ಪಕ್ಕದ ಬೇಲಿಗೂಟಕ್ಕೆ ಉದ್ದ ಹಿಡಿಯ ಕುಂಟೆಯೊಂದು ಒರಗಿತ್ತು. ಅವರ ಅಂಗೈ ತಾಗುವ ಎರಡು ಕಡೆ ಹಿಡಿ ಸವೆದು ನುಣುಪಾಗಿತ್ತು. ಜೋರು ಮಳೆ ಬಂದ ರಾತ್ರಿಯೆಲ್ಲ ಟಾರ್ಚ್ ಹಿಡಿದು ಬಂದು ಕಸ ಎಳೆಯುತ್ತಾರಂತೆ. ಇಲ್ಲದಿದ್ದರೆ ಬೆಳಿಗ್ಗೆ ಹಸುಗಳು ಆಚೆಯೇ ಉಳಿಯುತ್ತವೆ. "ನಿಮ್ಮ ದಿಮ್ಮಿ ಒಂದು ತೇಲಿ ಬಂದು ಇಲ್ಲಿ ಕೂತರೆ?" ಅಂದರು.

ಅವರು ಬೇಡ ಅಂದದ್ದು ಇದಕ್ಕೆ. ನೂರಕ್ಕೆ ನೂರು ಸರಿಯಾದ ಕಾರಣ. ಕೊಳವೆಯ ಆಚೆ ಬಾಯಿ ಬೇಸಿಗೆಯಲ್ಲಿ ಹಳ್ಳದ ತಳದಿಂದ ಮೊಣಕಾಲೆತ್ತರ ಮೇಲೆ ನಿಲ್ಲುತ್ತಿತ್ತು. ಮರಿ ಮೀನು ಅದನ್ನು ಹತ್ತಲಾರದು. ದಿಮ್ಮಿಗೆ ದುಡ್ಡು ಬೇಗ ಸಿಗುತ್ತಿತ್ತು, ಮೋರಿಗೆ ಜಾಸ್ತಿ ಬೇಕಿತ್ತು. ಅದಕ್ಕೆ ನಾನು ಅದನ್ನು ಎರಡನೇ ಹಂತಕ್ಕೆ ತಳ್ಳಿದ್ದೆ. ಮೀನಿಗೂ ಹಸುವಿಗೂ ಒಂದೇ ಜಾಗದಲ್ಲಿ ದಾರಿ ಕಟ್ಟಿತ್ತು.

ಮೋರಿಗೂ ದುಡ್ಡು ಕೇಳಿ ಅರ್ಜಿ ಹೊಸದಾಗಿ ಬರೆದೆವು. ಇಲ್ಲಿ ರಾಜ್ಯದ ಲಾಟರಿಯ ನಿವ್ವಳ ಆದಾಯದಲ್ಲಿ 15% ಉದ್ಯಾನ, ನದಿ, ಮೀನಿನಂಥ ಕೆಲಸಗಳಿಗೇ ಮೀಸಲು. 1998ರಲ್ಲಿ ಜನರೇ ಮತ ಹಾಕಿ ಹಾಗೆ ಮಾಡಿಕೊಂಡರು. ಕೊಳವೆ ತೆಗೆದು ಸೇತುವೆ ಹಾಕಿದೆವು. ಅದಕ್ಕೆ ಮೊದಲು ಹಳ್ಳವನ್ನು ಎರಡೂ ಕಡೆ ಕಟ್ಟಿ, ಬಲೆ ಎಳೆದು, ಮೀನುಗಳನ್ನು ಬಕೆಟ್ಟಿನಲ್ಲಿ ಮೇಲಿನ ನೀರಿಗೆ ಸಾಗಿಸಿದೆವು. ಯಜಮಾನರೂ ಬಕೆಟ್ ಹೊತ್ತರು. ಕೊಹೊ ಮರಿಯ ಕೆಳರೆಕ್ಕೆಯ ಅಂಚಿನಲ್ಲಿ ಬಿಳಿ ಗೆರೆ ಇರುತ್ತದೆ. ಅದನ್ನು ತೋರಿಸಿದಾಗ ಕನ್ನಡಕ ತೆಗೆದು ಬಗ್ಗಿ ತುಂಬ ಹೊತ್ತು ನೋಡಿದರು.

ನವೆಂಬರಿನಲ್ಲಿ ಅವರೇ ಫೋನ್ ಮಾಡಿದರು. ಸೇತುವೆ ದಾಟಿ ಮೇಲಿನ ಹಳ್ಳದಲ್ಲಿ ಎರಡು ದೊಡ್ಡ ಮೀನು, ಮೈ ಕೆಂಪಾಗಿದೆ ಅಂತ.

ಮುಂದಿನ ಬೇಸಿಗೆ ದಿಮ್ಮಿ ಹಾಕಿದೆವು. ಹಳ್ಳದ ಅಗಲಕ್ಕಿಂತ ಒಂದೂವರೆ ಪಟ್ಟು ಉದ್ದದ, ಬೇರುಬುಡ ಸಮೇತದ ಸ್ಪ್ರೂಸ್ ಮರಗಳು. ಅಷ್ಟು ಉದ್ದ ಇದ್ದರೆ ಸುಲಭಕ್ಕೆ ತೇಲುವುದಿಲ್ಲ. ಮರ ಕೊಟ್ಟವರೂ ಯಜಮಾನರೇ, ತಮ್ಮ ಗುಡ್ಡದಿಂದ. ಯಂತ್ರ ಬರುವ ಹಿಂದಿನ ದಿನ ನನ್ನ ಜೊತೆ ದಡದುದ್ದ ನಡೆದರು. ಅಪ್ಪ ಯಾವ ಮರ ಎಲ್ಲಿಂದ ಎಳೆದರು, ಯಾವುದರ ಕೆಳಗೆ ಆಳದ ಗುಂಡಿ ಇತ್ತು ಅಂತ ಕೋಲಿನಿಂದ ತೋರಿಸುತ್ತಾ ಹೋದರು. ನನ್ನ ಹನ್ನೊಂದು ಗುರುತಿನಲ್ಲಿ ನಾಲ್ಕನ್ನು ಅಂದು ಅವರು ಹೇಳಿದ ಕಡೆಗೆ ಸರಿಸಿದೆ.