ತೆರೆಜಿನ್‌ನ ಮಕ್ಕಳು ಬಚ್ಚಿಟ್ಟ ಕಾಗದಗಳು

ಚೆಕ್ ದೇಶದ ರಾಜಧಾನಿ ಪ್ರಾಗ್‌ನಿಂದ ಬಸ್ಸಿನಲ್ಲಿ ಒಂದು ಗಂಟೆ ಹೋದರೆ ತೆರೆಜಿನ್ ಸಿಗುತ್ತದೆ. ನಾನೂ ಅಕ್ಕನೂ ಹೋಗಿದ್ದೆವು. 18ನೇ ಶತಮಾನದ ಕೋಟೆ ಊರು. ನೇರ ಬೀದಿಗಳು, ಉದ್ದುದ್ದ ಬ್ಯಾರಕ್‌ಗಳು, ಸುತ್ತಲೂ ದಪ್ಪ ಇಟ್ಟಿಗೆ ಗೋಡೆ. ಈಗಲೂ ಜನ ಇಲ್ಲಿ ಸಂಸಾರ ಮಾಡಿಕೊಂಡಿದ್ದಾರೆ. 1941ರ ನವೆಂಬರ್‌ನಿಂದ 1945ರ ಮೇ ತಿಂಗಳವರೆಗೆ ನಾಜಿಗಳು ಈ ಊರನ್ನೇ ಯಹೂದಿಗಳ ಸೆರೆಮನೆ, ಅಂದರೆ ಗೆಟ್ಟೋ, ಮಾಡಿಕೊಂಡಿದ್ದರು. ಸುಮಾರು 33,000 ಜನ ಇಲ್ಲೇ ಹಸಿವಿನಿಂದ, ಕಾಯಿಲೆಯಿಂದ ಸತ್ತರು. ಅದಕ್ಕಿಂತ ಎಷ್ಟೋ ಜಾಸ್ತಿ ಜನರನ್ನು, ಮಕ್ಕಳನ್ನೂ ಸೇರಿಸಿ, ರೈಲು ಹತ್ತಿಸಿ ಆಶ್‌ವಿಟ್ಜ್‌ನಂಥ ಕೊಲೆ ಶಿಬಿರಗಳಿಗೆ ಕಳಿಸಿದರು.

ಗೆಟ್ಟೋ ಮ್ಯೂಸಿಯಂ ಇರುವ ಕಟ್ಟಡ ಮೊದಲು ಶಾಲೆಯಾಗಿತ್ತು. ಗೆಟ್ಟೋ ಕಾಲದಲ್ಲಿ ಹುಡುಗರನ್ನು ಇಲ್ಲಿ ಇಟ್ಟಿದ್ದರು. ಪಾಠ ಹೇಳಿಕೊಡಬಾರದು ಅಂತ ನಾಜಿಗಳ ಅಪ್ಪಣೆ. ಆದರೂ ದೊಡ್ಡವರು ಕದ್ದುಮುಚ್ಚಿ ಕಲಿಸಿದರು. ಒಂದು ಕೋಣೆಯ ಹುಡುಗರು 'ವೆಡೆಮ್' ಅಂತ ಪತ್ರಿಕೆ ಮಾಡುತ್ತಿದ್ದರು. ಒಂದೇ ಒಂದು ಪ್ರತಿ, ಪ್ರತಿ ಶುಕ್ರವಾರ ಸಂಜೆ ಎಲ್ಲರೂ ಕೂತು ಗಟ್ಟಿಯಾಗಿ ಓದುವುದು. ಅದರ ಸಂಪಾದಕ ಪೆತ್ರ್ ಗಿಂಜ್‌ನನ್ನು 1944ರಲ್ಲಿ ಆಶ್‌ವಿಟ್ಜ್‌ಗೆ ಕಳಿಸಿ ಕೊಂದರು. ಅವನಿಗಿನ್ನೂ 16 ವರ್ಷ. ಅವನ ತಂಗಿ ಬದುಕಿ ಉಳಿದಳು. ಪತ್ರಿಕೆ ಉಳಿದದ್ದು ಜ್ದೆನೆಕ್ ತೌಸಿಗ್ ಅನ್ನುವ ಹುಡುಗನಿಂದ. ಅವನಪ್ಪ ಕಮ್ಮಾರರು. ಹುಡುಗ ಸುಮಾರು 800 ಪುಟಗಳನ್ನು ನೆಲದಲ್ಲಿ ಹೂತಿಟ್ಟು, ಬಿಡುಗಡೆಯಾದ ಮೇಲೆ ಅಗೆದು ತೆಗೆದ.

ಚಂದ್ರನ ಮೇಲೆ ನಿಂತು ಭೂಮಿ ನೋಡಿದರೆ ಹೇಗೆ ಕಾಣಬಹುದು ಅಂತ ಪೆತ್ರ್ ಒಂದು ಚಿತ್ರ ಬರೆದಿದ್ದ. ಮುಂದೆ ಅದರ ಪ್ರತಿಯೊಂದನ್ನು ಇಸ್ರೇಲಿನ ಗಗನಯಾತ್ರಿ ಇಲಾನ್ ರಮೋನ್ ಕೊಲಂಬಿಯಾ ನೌಕೆಯಲ್ಲಿ ಒಯ್ದರು, ಹೌದು, ನಮ್ಮ ಕಲ್ಪನಾ ಚಾವ್ಲಾ ಇದ್ದ ಅದೇ ನೌಕೆ. ಅದು ಒಡೆದು ಚೂರಾದದ್ದು 2003ರ ಫೆಬ್ರವರಿ 1ರಂದು. ಪೆತ್ರ್ ಹುಟ್ಟಿದ್ದು 1928ರ ಫೆಬ್ರವರಿ 1ರಂದು. ಇದನ್ನು ಹೇಳಿದಾಗ ಅಕ್ಕ ಬೀದಿಯಲ್ಲೇ ನಿಂತುಬಿಟ್ಟಳು.

ಅಲ್ಲಿಂದ ಮಾಗ್ಡೆಬರ್ಗ್ ಬ್ಯಾರಕ್‌ಗೆ ಹೋದೆವು. ಆಗಿನ ಮಲಗುವ ಕೋಣೆಯೊಂದನ್ನು ಮತ್ತೆ ಹಾಗೇ ಮಾಡಿಟ್ಟಿದ್ದಾರೆ. ಮೂರು ಅಂತಸ್ತಿನ ಮರದ ಮಂಚಗಳು, ಮಧ್ಯೆ ಒಬ್ಬರು ನಡೆಯುವಷ್ಟು ಜಾಗ, ಸೂಟ್‌ಕೇಸು, ಬಟ್ಟೆ, ಪಾತ್ರೆ ಎಲ್ಲಾ ಅಲ್ಲೇ. ಹೆಲ್ಗಾ ವೈಸ್ಸೊವಾ ಅನ್ನುವ ಹುಡುಗಿ ಈ ಊರಿಗೆ ಬಂದಾಗ ಅವಳಿಗೆ 12 ವರ್ಷ. 'ಏನು ನೋಡುತ್ತೀಯೋ ಅದರ ಚಿತ್ರ ಬರಿ' ಅಂದಿದ್ದರಂತೆ ಅವಳಪ್ಪ. ಅವಳು ಬರೆದಳು: ಊಟದ ಸಾಲು, ಮಂಚಗಳು, ಹೊಸದಾಗಿ ಬಂದಿಳಿದ ಜನ. ಅವಳನ್ನು ಆಶ್‌ವಿಟ್ಜ್‌ಗೆ ಕಳಿಸುವ ಮುಂಚೆ ಆ ಚಿತ್ರಗಳು ಚಿಕ್ಕಪ್ಪನ ಕೈ ಸೇರಿದವು. ಅವರು ಅವನ್ನು ಇದೇ ಬ್ಯಾರಕ್‌ನ ಗೋಡೆಯೊಳಗೆ ಇಟ್ಟು ಮುಚ್ಚಿದರು. ಅಪ್ಪ ವಾಪಸ್ ಬರಲಿಲ್ಲ. ಹೆಲ್ಗಾ ಮತ್ತು ಅಮ್ಮ ಆಶ್‌ವಿಟ್ಜ್, ಫ್ರೈಬರ್ಗ್, ಮೌಟ್‌ಹೌಸೆನ್ ಮೂರೂ ಶಿಬಿರಗಳನ್ನು ದಾಟಿ ಬದುಕಿ ಬಂದರು. ಮುಂದೆ ಹೆಲ್ಗಾ ಚಿತ್ರಕಲಾವಿದೆಯೇ ಆದರು.

ಎಲ್ಲಾ ನೋಡಬೇಕೆಂದರೆ ಅರ್ಧ ದಿನ ಸಾಲದು. ಸ್ಮಾಲ್ ಫೋರ್ಟ್ರೆಸ್‌ಗೆ, ಅದು ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊ ಜೈಲಾಗಿತ್ತು, ಬೇರೆ ಸಮಯ ಇಟ್ಟುಕೊಳ್ಳಿ. ಪ್ರಾಗ್‌ನಲ್ಲಿರುವ ಯಹೂದಿಗಳ ಪ್ರಾರ್ಥನಾ ಮಂದಿರ, ಪಿಂಕಾಸ್ ಸಿನಗಾಗನ್ನಂತೂ ಬಿಡಲೇಬೇಡಿ. ಕೆಳಗೆ ಗೋಡೆ ತುಂಬ ನಾಜಿಗಳಿಗೆ ಬಲಿಯಾದ ಯಹೂದಿಗಳ ಸುಮಾರು 80,000 ಹೆಸರುಗಳಿವೆ. ಅಷ್ಟು ನೋಡಿ ಹೊರಡಬೇಡಿ, ಮಹಡಿ ಹತ್ತಿ. ಅಲ್ಲಿರುವುದು ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಹತ್ತಿರ ಕಲಿತ ತೆರೆಜಿನ್ ಮಕ್ಕಳ ಚಿತ್ರಗಳು. ಸಿಕ್ಕ ಸಿಕ್ಕ ಕಾಗದದ ಮೇಲೆ ಮನೆ, ಹೂವು, ಚಿಟ್ಟೆ ಬರೆದಿದ್ದಾರೆ. ಚಿತ್ರದ ಮೇಲೆ ನಿಮ್ಮ ಹೆಸರು ಬರೆಯಿರಿ ಅಂತ ಆ ಟೀಚರ್ ಮಕ್ಕಳಿಗೆ ಹೇಳುತ್ತಿದ್ದರು. 1944ರ ಅಕ್ಟೋಬರ್‌ನಲ್ಲಿ ಆಶ್‌ವಿಟ್ಜ್ ರೈಲು ಹತ್ತುವ ಮುಂಚೆ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ತುಂಬಿಟ್ಟು ಹೋದರು. ಅವರು ಹೆಸರು ಬರೆಸಿದ್ದರಿಂದಲೇ ಇವತ್ತು ಯಾವ ಚಿತ್ರ ಯಾವ ಮಗುವಿನದು ಅಂತ ಹೆಸರು ಹಿಡಿದು ಹೇಳಲು ಆಗುತ್ತಿದೆ.