ಮಚ್ಚಿಗೆ ಲೆಕ್ಕವಿಲ್ಲ, ಆಸಿಡ್‌ಗೆ ರಿಜಿಸ್ಟರ್

ನನ್ನ ಹಾರ್ಡ್‌ವೇರ್ ಅಂಗಡಿಯ ಅರ್ಧ ಸಾಮಾನು ಪೊಲೀಸರ ಪಂಚನಾಮೆಯಲ್ಲೂ ಸಿಗುತ್ತದೆ. ಹಾರೆ, ಬೋಲ್ಟ್ ಕಟರ್, ನೈಲಾನ್ ಹಗ್ಗ, ಮಚ್ಚು. ಸಾಗರದ ಸುತ್ತಲಿನ ಅಡಿಕೆ ಬೆಳೆಗಾರರು ತೋಟಕ್ಕೆ ಸೊಪ್ಪು ಕಡಿದು ತರುವ ಸೊಪ್ಪಿನ ಬೆಟ್ಟಕ್ಕೆ ಹೋಗುವ ಮೊದಲು ಬಂದು ಕತ್ತಿ ಒಯ್ಯುತ್ತಾರೆ. "ಯಾಕೆ ಬೇಕು?" ಎಂದು ನಾನು ಕೇಳುವುದಿಲ್ಲ. ಹೊಸ ಕತ್ತಿ ಕೈಯಲ್ಲಿ ಹಿಡಿದವರಿಗೆ ಸಿಟ್ಟು ಬರಿಸುವ ಪ್ರಶ್ನೆ ಅದು.

ಕಾನೂನಿಗೂ ಆ ಕುತೂಹಲವಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ, ಮನೆಗೆಲಸ ಮತ್ತು ಬೇಸಾಯಕ್ಕೆಂದೇ ಮಾಡಿದ ವಸ್ತುಗಳನ್ನು ಆಯುಧವೆಂದು ಎಣಿಸುವುದಿಲ್ಲ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿರುವ ಚಾಕುಗಳನ್ನು ನಿಯಮಗಳು ಮಾರಕಾಸ್ತ್ರದ ಪಟ್ಟಿಗೆ ಸೇರಿಸಿದರೂ, ಅಲ್ಲಿಯೂ ಮನೆ, ಕೃಷಿ, ಕೈಗಾರಿಕೆಯ ಸಲಕರಣೆಗಳಿಗೆ ವಿನಾಯಿತಿ ಇದೆ. ಅಳತೆಗೋಲು ಹಿಡಿದರೆ ನನ್ನ ಮಚ್ಚುಗಳು ಸಿಕ್ಕಿಬೀಳುತ್ತವೆ; ಅವನ್ನು ಉಳಿಸುವುದು ತೋಟದ ಕೆಲಸ. ಹೊರಗಿನ ಏಜೆಂಟನೊಬ್ಬ ಹಿತ್ತಾಳೆ ಹಿಡಿಯ, ಎರಡೂ ಬದಿ ಅಲಗಿರುವ ಚೂರಿಗಳನ್ನು ತಂದು, ಲಾಭ ಚೆನ್ನಾಗಿದೆ ಎಂದು ಆಸೆ ತೋರಿಸಿದ್ದ. ಯಾವ ಅಡಿಕೆ ಗೊನೆ ಇಳಿಸಲು ಎರಡು ಅಲಗು ಬೇಕು? ಚಹಾ ಕುಡಿಸಿ ಕಳಿಸಿದೆ.

ಹಾಗೆಂದು ವ್ಯಾಪಾರಿ ಕಣ್ಣುಮುಚ್ಚಿ ಕೂರುವಂತಿಲ್ಲ. ಬೇಲಿ ಜಗಳದ ಸಿಟ್ಟಿನಲ್ಲಿ "ಇವತ್ತು ಅವನನ್ನು ಬಿಡುವುದಿಲ್ಲ" ಎನ್ನುತ್ತಾ ಬಂದವನಿಗೆ, ಆ ಕೆಲಸಕ್ಕೆ ನೆರವಾಗಲೆಂದೇ ಮಚ್ಚು ಕೊಟ್ಟರೆ ಅದು ದುಷ್ಪ್ರೇರಣೆ, ಅಂದರೆ ಅಪರಾಧಕ್ಕೆ ಕೈಜೋಡಿಸಿದಂತೆ. ಮಚ್ಚು ಅದೇ, ಬೆಲೆ ಅದೇ; ನನ್ನ ತಿಳಿವು ಮತ್ತು ಉದ್ದೇಶ ಮಾತ್ರ ಬೇರೆ.

ಆಸಿಡ್ ವಿಷಯ ಹೀಗಿಲ್ಲ. ಆಸಿಡ್ ದಾಳಿಗೆ ಒಳಗಾದ ಲಕ್ಷ್ಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಅಂಗಡಿಯವನ ಮೇಲೆಯೇ ಹೊಣೆ ಹೊರಿಸಿತು. ಕೊಳ್ಳುವವರ ವಿಳಾಸವಿರುವ ಸರ್ಕಾರಿ ಗುರುತಿನ ಚೀಟಿ ನೋಡಬೇಕು, ಹೆಸರು, ಪ್ರಮಾಣ, ಕಾರಣ ಬರೆದುಕೊಳ್ಳಬೇಕು, 18 ವರ್ಷ ತುಂಬದವರಿಗೆ ಕೊಡಕೂಡದು, ದಾಸ್ತಾನನ್ನು 15 ದಿನದೊಳಗೆ ಉಪವಿಭಾಗಾಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಮಾಲು ಜಪ್ತಿ, 50,000 ರೂಪಾಯಿವರೆಗೆ ದಂಡ. ಆಸಿಡ್ ಎರಚಿ ಗಾಯಗೊಳಿಸಿದವರಿಗೆ ಕನಿಷ್ಠ 10 ವರ್ಷ, ಗರಿಷ್ಠ ಜೀವಾವಧಿ ಎಂಬ ಪ್ರತ್ಯೇಕ ಶಿಕ್ಷೆ ಬಂದದ್ದೂ ಅದೇ ವರ್ಷ.

ಈ ರಿಜಿಸ್ಟರ್ ಹಳ್ಳಿಯ ಅಂಗಡಿಯಲ್ಲಿ ನಡೆಯುವ ರೀತಿ ನೋಡಬೇಕು. ಕಾರಣದ ಕಾಲಂನಲ್ಲಿ ಎಲ್ಲರದೂ ಒಂದೇ ಉತ್ತರ: "ಸಂಡಾಸು ತೊಳೆಯಲು". ಕೇಡು ಬಗೆದವನೂ ಅದನ್ನೇ ಬರೆಸುತ್ತಾನೆ. ಗುರುತಿದ್ದವರು ಆಧಾರ್ ಕೇಳಿದರೆ "ನನ್ನ ಮದುವೆಗೆ ಬಂದು ಉಂಡವನು ನೀನು" ಎಂದು ಮುಖ ಊದಿಸುತ್ತಾರೆ. ಇತ್ತ ನಾನು ಊರಿನವರ ಮುನಿಸು ಕಟ್ಟಿಕೊಳ್ಳುತ್ತಿದ್ದರೆ, ಅತ್ತ 2022ರ ಡಿಸೆಂಬರ್‌ನಲ್ಲಿ ದೆಹಲಿಯ ಶಾಲಾ ಬಾಲಕಿಯ ಮೇಲೆ ಎರಚಿದ ಆಸಿಡ್ ಆನ್‌ಲೈನ್‌ನಲ್ಲಿ ಖರೀದಿಸಿದ್ದು ಎಂದು ಪೊಲೀಸರು ಹೇಳಿದರು. ಆ ಮೇಲೆ ಕಂಪನಿಗಳಿಗೆ ನೋಟಿಸ್ ಹೋಯಿತು.

ಆದರೂ ಈ ತಾರತಮ್ಯ ಸರಿ ಎಂದೇ ನನ್ನ ಅಭಿಪ್ರಾಯ. ಮಚ್ಚಿಲ್ಲದೆ ತೋಟ ನಡೆಯದು. ಆದರೆ ಆಸಿಡ್ ಇಲ್ಲವೆಂದು ಯಾವ ಮನೆಯ ಸಂಡಾಸೂ ಕೆಟ್ಟು ನಿಲ್ಲುವುದಿಲ್ಲ. ಬ್ರಷ್ ಮತ್ತು ಸೋಪಿನ ಪುಡಿ ಹಿಡಿದು ಸ್ವಲ್ಪ ತೋಳು ನೋಯಿಸಿಕೊಂಡರಾಯಿತು. ಅಷ್ಟು ಸಣ್ಣ ಅನುಕೂಲಕ್ಕೆ ಅಷ್ಟು ದೊಡ್ಡ ಅಪಾಯವನ್ನು ಶೆಲ್ಫಿನ ಮೇಲೆ ಇಡುವುದೇಕೆ? ಕೋರ್ಟು ರಿಜಿಸ್ಟರ್‌ಗೆ ನಿಲ್ಲಿಸಿತು. ನನ್ನನ್ನು ಕೇಳಿದ್ದರೆ ಚಿಲ್ಲರೆ ಮಾರಾಟವನ್ನೇ ನಿಲ್ಲಿಸಿ ಎನ್ನುತ್ತಿದ್ದೆ. ಹಳೆಯ ದಾಸ್ತಾನು ಮುಗಿದ ಮೇಲೆ ನಾನು ತರಿಸಿಲ್ಲ. ಕೇಳಿ ಬಂದವರು ಗೊಣಗುತ್ತಾ ಮುಂದಿನ ಅಂಗಡಿಗೆ ಹೋಗುತ್ತಾರೆ, ಹೋಗುವಾಗ ಮೊಳೆ, ಬಣ್ಣವನ್ನೂ ಅಲ್ಲಿಯೇ ಕೊಳ್ಳುತ್ತಾರೆ.