ಮಾಯಕೊಂಡದ ಲೆಕ್ಕ ಹದಡಿ ಸಾಲಿಗೆ

“ತಮ್ಮಾ, ನಿನ್ನ ಕಂಪ್ಯೂಟರ್ ಊರೆಲ್ಲಾ ಕಲಸಿಬಿಟ್ಟೈತೆ. ಇರೋ ಕೆಲ್ಸ ಬಿಟ್ಟು ಬಾ.”

2015ರ ನವೆಂಬರ್, ಮೆಕ್ಕೆಜೋಳದ ಸುಗ್ಗಿ. ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಿಂದ ಗುಮಾಸ್ತರ ಫೋನು. ಅಲ್ಲಿನ ಆರು ಅಂಗಡಿಗಳ ಲೆಕ್ಕ ಓಡುತ್ತಿದ್ದದ್ದು ನಾನೇ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಟ್ಟಿದ್ದ ಪುಟ್ಟ ಫ್ರೇಮ್‌ವರ್ಕ್ ಮೇಲೆ. ಅದರ ಮೇಲೆ ಅಂಗಡಿಗೊಂದು ಬಿಲ್ ಪ್ರೋಗ್ರಾಂ, ಬೇರೆ ಬೇರೆ ಹುಡುಗರು ಬರೆದದ್ದು. ಆ ಏಪ್ರಿಲ್‌ಗೆ ಜಾವಾ 7ಕ್ಕೆ ಉಚಿತ ಅಪ್‌ಡೇಟ್ ನಿಂತಿತ್ತು. ನಾನು ಮುಂದೂಡುತ್ತಾ ಬಂದು, ಹಿಂದಿನ ಭಾನುವಾರ ಎಲ್ಲಾ ಕಡೆ ಜಾವಾ 8 ಹಾಕಿದ್ದೆ. ಸುಗ್ಗಿಯ ನಡುವೆ ಹಾಕಿದ್ದು ನನ್ನ ಬುದ್ಧಿಗೇಡಿತನ. ಎಲ್ಲಾ ಓಡುತ್ತಿತ್ತು, ಒಂದು ಎರರ್ ಕೂಡ ಇಲ್ಲ.

ಹೋಗಿ ನೋಡಿದರೆ ಗುಮಾಸ್ತರ ಮುಂದೆ ಕಿರ್ದಿ ಪುಸ್ತಕ. ಒಂಬತ್ತು ಊರಿನ ಹೆಸರು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ್ದಾರೆ: ಮಾಯಕೊಂಡ, ಲೋಕಿಕೆರೆ, ಆನಗೋಡು, ಕುಕ್ಕವಾಡ, ಹದಡಿ... ನನ್ನ ಪ್ರೋಗ್ರಾಂ ಸಂಜೆ ಕೊಡುವ ಚೀಟಿಯಲ್ಲಿ ಊರುಗಳು ವರ್ಷಗಟ್ಟಲೆ ಇದೇ ಕ್ರಮದಲ್ಲಿ ಬಂದಿವೆ. ಒಂಬತ್ತೂ ಊರಿನ ಮಾಲು ಬಂದ ದಿನ ಅವರು ಹೆಸರು ಓದುವುದನ್ನೇ ಬಿಟ್ಟು ಮೊತ್ತ ಮಾತ್ರ ಮೇಲಿಂದ ಕೆಳಗೆ ಇಳಿಸುತ್ತಿದ್ದರು. ಈಗ ಮೂರು ದಿನದಿಂದ ಮಾಯಕೊಂಡದ ದುಡ್ಡು ಹದಡಿ ಸಾಲಿನಲ್ಲಿ ಕೂತಿದೆ. ಒಟ್ಟು ಮೊತ್ತ ಪೈಸೆ ಪೈಸೆ ತಾಳೆ ಆಗುತ್ತಿದ್ದರಿಂದ ಯಾರಿಗೂ ಅನುಮಾನ ಬಂದಿಲ್ಲ. ಹದಡಿಯ ರೈತರೊಬ್ಬರು ಬಂದು ‘ನಮ್ಮೂರ ಲೆಕ್ಕ ಇಷ್ಟೊಂದು ಹೆಂಗಾತು’ ಅಂದಾಗಲೇ ಗೊತ್ತಾದದ್ದು. ಹೆಚ್ಚಾಗಿದೆ ಅಂತ ಹೇಳಲು ಬಂದ ಪುಣ್ಯಾತ್ಮರು!

ಕಾರಣ ನನಗೆ ಅಲ್ಲೇ ಹೊಳೆಯಿತು. ಊರು ಮತ್ತು ಮೊತ್ತವನ್ನು ನಾನು, ಹೆಸರಿಗೊಂದು ಬೆಲೆ ಜೋಡಿಸಿಡುವ ಜಾವಾದ ಹ್ಯಾಶ್‌ಮ್ಯಾಪಿನಲ್ಲಿ ಇಟ್ಟಿದ್ದೆ. ಅದು ಹೆಸರನ್ನು ಅರೆದು ಒಂದು ಅಂಕಿ ಮಾಡಿ, 16 ಗೂಡುಗಳಲ್ಲಿ ಯಾವುದೋ ಒಂದಕ್ಕೆ ಹಾಕುತ್ತದೆ. ನಾವು ಓದುವಾಗ ಗೂಡಿನ ಕ್ರಮದಲ್ಲಿ ಸಿಗುತ್ತದೆ, ಅಷ್ಟೇ. ಕ್ರಮದ ಬಗ್ಗೆ ಯಾವ ಭರವಸೆಯೂ ಇಲ್ಲ ಎಂದು ಅದರ ದಾಖಲೆಯಲ್ಲೇ ಬರೆದಿದೆ. ಜಾವಾ 8ರಲ್ಲಿ ಆ ಅರೆಯುವ ಲೆಕ್ಕವನ್ನೇ ಸರಳ ಮಾಡಿದರು. ಗೂಡು ಬದಲಾಯಿತು, ಕ್ರಮವೂ ಬದಲಾಯಿತು. ಊರು ಹನ್ನೆರಡು ದಾಟಿದ್ದರೆ ಗೂಡು 32 ಆಗಿ ಈ ಅವಾಂತರ ಎಂದೋ ಆಗುತ್ತಿತ್ತು. ನಮ್ಮ ಪುಣ್ಯಕ್ಕೆ ಒಂಬತ್ತೇ.

“ಯಜಮಾನ್ರೆ, ಆ ಕ್ರಮಕ್ಕೆ ಅರ್ಥಾನೇ ಇರ್ಲಿಲ್ಲ,” ಅಂದೆ.

“ಇರ್ಲಿಲ್ಲ ಅಂದ್ರೆ? ಅಂಗಡಿಗೆ ಮೊದ್ಲು ಮಾಲು ತಂದ ಊರು ಮೊದ್ಲು. ಸಾಹುಕಾರ್ರು ಹೇಳಿ ಹಾಕ್ಸಿದಾರೆ ಅಂದ್ಕಂಡಿದ್ದೆ ನಾನು.”

ಏನು ಹೇಳಲಿ? ಕನ್ನಡದ ಅಕಾರಾದಿ ಕ್ರಮ ಕೊಟ್ಟರೆ ಆಗುತ್ತಾ ಎಂದೆ. ಅವರು ಬೀರು ತೆಗೆದು ತೋರಿಸಿದರು: ಅಚ್ಚಾದ ಪುಸ್ತಕ ಇನ್ನೂ ಹದಿನೆಂಟು. ಹಳೆಯ ಕ್ರಮವೇ ಬೇಕು.

ಆದರೂ ನನಗೆ, ಹೆಸರುಗಳನ್ನು ಸದಾ ಕ್ರಮದಲ್ಲಿಡುವ ಟ್ರೀಮ್ಯಾಪಿನ ಮೇಲೇ ಕಣ್ಣು. ಹೋಲಿಸುವ ನಿಯಮ ಕೊಟ್ಟರೆ ಯಾವ ಕ್ರಮ ಬೇಕಾದರೂ ಬರುತ್ತದೆ. ಆದರೆ ಅದು ಹ್ಯಾಶ್‌ಮ್ಯಾಪ್ ಅಲ್ಲ. ಹಾಗಾಗಿ ರಾತ್ರಿ ಕೂತು, ಬಿಲ್ ಪ್ರೋಗ್ರಾಂಗಳು ಕರೆಯುವ ನನ್ನ ಮೆಥಡ್ಡಿನ ರಿಟರ್ನ್ ಟೈಪನ್ನು (ಅದು ವಾಪಸ್ ಕೊಡುವುದು ಯಾವ ಬಗೆಯದು ಎಂಬುದನ್ನು) ‘ಹ್ಯಾಶ್‌ಮ್ಯಾಪ್’ನಿಂದ ಎರಡಕ್ಕೂ ಸಲ್ಲುವ ‘ಮ್ಯಾಪ್’ ಮಾಡಿದೆ, ಪ್ರೋಗ್ರಾಮಿಂಗ್ ಪುಸ್ತಕದಲ್ಲೆಲ್ಲ ಹೇಳುವ ಶುದ್ಧ ವಿಧಾನ. ಬೆಳಿಗ್ಗೆ ಪಕ್ಕದ ಅಂಗಡಿಯ ಬಿಲ್ ಪ್ರೋಗ್ರಾಂ ‘ನೋ ಸಚ್ ಮೆಥಡ್ ಎರರ್’ ಎಂದು ನೆಲಕಚ್ಚಿತು. ಕಂಪೈಲ್ ಆದ, ಅಂದರೆ ಓಡಿಸಲು ತಯಾರಾದ ಕೋಡ್ ಒಂದು ಮೆಥಡ್ಡನ್ನು ಹುಡುಕುವಾಗ ರಿಟರ್ನ್ ಟೈಪೂ ಅದರ ವಿಳಾಸದ ಭಾಗ. ವಿಳಾಸ ಬದಲಾದರೆ ಮನೆಯೇ ಇಲ್ಲ. ಮತ್ತೆ ಕಂಪೈಲ್ ಮಾಡೋಣವೆಂದರೆ ಅದರ ಸೋರ್ಸ್ (ಮೂಲ ಬರಹ), ಬರೆದ ಹುಡುಗನ ಲ್ಯಾಪ್‌ಟಾಪ್ ಜೊತೆಗೇ ಹೋಗಿತ್ತು.

ಕೊನೆಗೆ ಕೈ ಹಿಡಿದದ್ದು ಲಿಂಕ್ಡ್‌ಹ್ಯಾಶ್‌ಮ್ಯಾಪ್. 2002ರ ಜಾವಾ 1.4ರಿಂದಲೂ ಇದೆ, ಹಾಕಿದ ಕ್ರಮದಲ್ಲೇ ವಾಪಸ್ ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯ, ಅದು ಹ್ಯಾಶ್‌ಮ್ಯಾಪಿನ ಮಗ, ಅಪ್ಪ ಬೇಕಾದ ಕಡೆಯೆಲ್ಲ ಸಲ್ಲುತ್ತದೆ. ಹೊರಗಿನ ರಿಟರ್ನ್ ಟೈಪ್ ಹ್ಯಾಶ್‌ಮ್ಯಾಪ್ ಎಂದೇ ಉಳಿಸಿ, ಒಳಗೆ ಇದನ್ನು ಕೂರಿಸಿದೆ. ಹಳೆಯ ಪ್ರೋಗ್ರಾಂಗಳಿಗೆ ಸುಳಿವೂ ಸಿಗಲಿಲ್ಲ. ಹಳೆಯ ಚೀಟಿ ನೋಡಿ ಒಂಬತ್ತೂ ಊರನ್ನು ಮೊದಲೇ ಸೊನ್ನೆ ಹಾಕಿ ತುಂಬಿಟ್ಟೆ. ಮಾಲು ಬಾರದ ಊರಿಗೂ ಸೊನ್ನೆಯ ಸಾಲು ಅಚ್ಚಾಗತೊಡಗಿತು. ಅದೂ ಹೊಸ ನಡವಳಿಕೆಯೇ. ಅದನ್ನೂ ತೆಗೆದು, ಬಂದ ಊರನ್ನು ಮಾತ್ರ ಹಳೆಯ ಕ್ರಮದಲ್ಲಿ ಹಾಕಿದೆ. ಗೋ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯವರು ಮ್ಯಾಪಿನ ಕ್ರಮವನ್ನು ಬೇಕೆಂದೇ ಪ್ರತಿ ಸಲ ಕಲಸುತ್ತಾರೆ, ಯಾರೂ ನೆಚ್ಚಿಕೊಳ್ಳದಿರಲಿ ಎಂದು. ಆಗ ಅದು ಕಿರಿಕಿರಿ ಅನ್ನಿಸುತ್ತಿತ್ತು.

ಗುಮಾಸ್ತರು ಹೊಸ ಚೀಟಿಯನ್ನು ಪುಸ್ತಕದ ಪಕ್ಕ ಇಟ್ಟು, ಪೆನ್ಸಿಲಿನಿಂದ ಒಂದೊಂದೇ ಗುರುತು ಹಾಕಿದರು. ಈ ಸಲ ಹೆಸರು ಓದುತ್ತಿದ್ದರು.

ಮುಂದಿನ ವರ್ಷ ಭರಮಸಾಗರದ ಮಾಲೂ ಬರತೊಡಗಿತು. ಹತ್ತನೆಯದು ಕೊನೆಗೆ ಸೇರಿಸಲಾ ಎಂದು ಕೇಳಿದೆ.

“ಕೊನಿಗ್ಯಾಕೆ? ಆನಗೋಡಿನ ಕೆಳಗೆ ಹಾಕು. ಒಂದೇ ಹೈವೇ ಅಲ್ಲೇನು? ಹೊಸ ಪುಸ್ತಕ ಅಚ್ಚಿಗೆ ಕೊಡೋದೈತೆ, ಹಂಗೇ ಹೇಳ್ತೀನಿ ಪ್ರೆಸ್ಸಿನೋರಿಗೆ.”